ಹಿರಿಯರ ಕೇಂದ್ರಕ್ಕೆ ಮೊದಲು ಬೇಕಾದದ್ದು ಕೇರಂ ಬೋರ್ಡ್ ಅಲ್ಲ



ನಿಮ್ಮ ಮನೆಯ ಕಥೆಯೂ ಹೀಗೇ ಇರಬಹುದು. ನಿಮಗೆ ಚೆನ್ನೈನಲ್ಲಿ ಕೆಲಸ. ಊರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಇರುವುದು ಬೇಡ ಎಂದು ವಡಪಳನಿಯ ಫ್ಲ್ಯಾಟಿಗೆ ಕರೆತಂದಿದ್ದೀರಿ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟುಬಿಟ್ಟರೆ ಸಂಜೆ ಏಳರವರೆಗೆ ಅವರ ಜೊತೆ ಮಾತಾಡುವುದು ಟಿವಿ ಮಾತ್ರ.

ನಮ್ಮಮ್ಮ ತಿಪಟೂರು ಕಡೆಯವರು. "ಕಾಲು ಜೋಮು ಹಿಡಿಯತ್ತೆ ಕಣೋ, ಅಂಗಾಲಿನಡಿ ಹತ್ತಿ ಇಟ್ಟ ಹಾಗಿರತ್ತೆ" ಎನ್ನುತ್ತಿದ್ದರು. ನಾನು ಡಾಕ್ಟರ ಹತ್ತಿರ ನನ್ನ ಅರ್ಧಂಬರ್ಧ ತಮಿಳಿನಲ್ಲಿ "ಕಾಲ್ ವಲಿ" ಎಂದೆ. ಕಾಲು ನೋವು, ಅಷ್ಟೇ. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದ್ದಾಯಿತು. ಒಂದು ಮೇ ತಿಂಗಳಲ್ಲಿ ಗುಡಿಯ ಸುತ್ತ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬಂದರು. ಸಂಜೆ ನೋಡಿದರೆ ಎರಡೂ ಅಂಗಾಲಿನಲ್ಲಿ ಬೊಬ್ಬೆ! ಕಲ್ಲು ಸುಡುತ್ತಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಸ್ಪರ್ಶ ಕಳೆದುಕೊಂಡಿದ್ದವು. ಅಮ್ಮ ಸರಿಯಾಗಿಯೇ ಹೇಳಿದ್ದರು. ದಾಟಿಸುವಾಗ ನಾನು ತಪ್ಪಿದ್ದೆ.

ಜೋಮು, ಚಿಳುಕು, ಸೆಳೆತ, ಉರಿ, ಹಿಂಡಿದ ಹಾಗೆ, ಕಣ್ಣು ಕತ್ತಲೆ. ಇವೆಲ್ಲ ಬೇರೆ ಬೇರೆ ಕಾಯಿಲೆಗಳ ಗುರುತು. ನಮ್ಮ ಹರುಕು ತಮಿಳಿನಲ್ಲಿ ಎಲ್ಲವೂ "ವಲಿ" ಆಗಿಬಿಡುತ್ತದೆ.

ಈಗ ನಮ್ಮ ಗುಂಪುಗಳಲ್ಲಿ ಹಿರಿಯರಿಗೊಂದು ಕೇಂದ್ರ ಬೇಕು ಎಂಬ ಮಾತು ನಡೆದಿದೆ. ಸಂತೋಷ. ಪಟ್ಟಿ ನೋಡಿದರೆ ಟಿವಿ, ಕೇರಂ, ಭಜನೆ, ನವೆಂಬರ್‌ನಲ್ಲಿ ಸನ್ಮಾನ. ಬೇಡ ಎನ್ನುತ್ತಿಲ್ಲ. ಆದರೆ ಚೆನ್ನೈನಲ್ಲಿರುವ ಕನ್ನಡದ ಹಿರಿಯರಿಗೆ *ಭಾಷೆಯೇ ಮೊದಲ ಆರೋಗ್ಯ ಸೌಲಭ್ಯ* ಎಂಬುದು ನನ್ನ ಅಭಿಪ್ರಾಯ. ಯೋಜನೆ ಅಲ್ಲಿಂದ ಶುರುವಾಗಲಿ.

ಈ ಊರಿನಲ್ಲಿ ವೈದ್ಯಕೀಯಕ್ಕೆ ಬರವಿಲ್ಲ. ವೃದ್ಧಾಪ್ಯ ವೈದ್ಯಕೀಯಕ್ಕೆ ದೇಶದಲ್ಲೇ ದಾರಿ ತೋರಿದ ಡಾ. ವಿ. ಎಸ್. ನಟರಾಜನ್ ಇಲ್ಲಿನವರು. ಗಿಂಡಿಯಲ್ಲಿ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರ 2024ರಲ್ಲಿ ಉದ್ಘಾಟನೆಯಾಗಿದೆ. 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಬಿಪಿ, ಸಕ್ಕರೆ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸುತ್ತಾರೆ. ಬಾಗಿಲಿಗೆ ಬಂದವರ ಜೊತೆ ನಮ್ಮಮ್ಮ ಏನು ಮಾತಾಡಬೇಕು? ಆ ಸೇತುವೆಯನ್ನು ನಾವೇ ಕಟ್ಟಬೇಕು.

*ಮಾತಿಗೆ:* ಕೇಂದ್ರದಲ್ಲಿ ಕನ್ನಡ, ತಮಿಳು ಎರಡೂ ಚೆನ್ನಾಗಿ ಬಲ್ಲ ಒಬ್ಬರಿರಲಿ. ಪ್ರತಿ ಹಿರಿಯರಿಗೂ ಒಂದು ಆರೋಗ್ಯ ಚೀಟಿ ಮಾಡಿ. ಅವರ ತೊಂದರೆ ಅವರದೇ ಮಾತಿನಲ್ಲಿ, ಪಕ್ಕದಲ್ಲಿ ತಮಿಳು ಮತ್ತು ಇಂಗ್ಲಿಷಿನಲ್ಲಿ. ನುಂಗುವ ಮಾತ್ರೆಗಳು, ಆಗದ ಔಷಧಿ, ಮನೆಯವರ ಫೋನ್. ಬೇಕಾದಾಗ ಡಾಕ್ಟರ ಬಳಿ ಜೊತೆಗೆ ಹೋಗುವ ಸ್ವಯಂಸೇವಕರ ಸರದಿಯೂ ಇರಲಿ. ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು, ತಾಯ್ನುಡಿ ಹೆಚ್ಚು ದಿನ ಉಳಿಯುತ್ತದೆ. ಬಾರದ ಭಾಷೆಯಲ್ಲಿ ನೆನಪಿನ ಪರೀಕ್ಷೆ ಮಾಡಿದರೆ ಫಲಿತಾಂಶವೇ ತಪ್ಪಾದೀತು.

*ಕಿವಿಗೆ:* 2024ರ ಲ್ಯಾನ್ಸೆಟ್ ಆಯೋಗದ ವರದಿ ಡಿಮೆನ್ಷಿಯಾಕ್ಕೆ ಸಂಬಂಧಿಸಿದ, ನಾವು ತಗ್ಗಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಒಂಟಿತನ ಎರಡೂ ಅದರಲ್ಲಿವೆ. ವರ್ಷಕ್ಕೊಮ್ಮೆ ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಗಲಾಟೆಯ ಹಾಲ್ ಬೇಡ. ಭಜನೆಗೆ ಮೈಕ್ ಜೋರಾದಷ್ಟೂ ಕಿವಿ ಕೇಳದವರು ಮೂಲೆ ಸೇರುತ್ತಾರೆ.

*ಕಾಲಿಗೆ:* ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಚಟುವಟಿಕೆ ಬೇಕು. ಅದರಲ್ಲಿ ಮೂರು ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಸೇರಿರಬೇಕು. ಬೀಳುವುದನ್ನು ತಡೆಯುವುದು ಇದೇ. ಬರೀ ಪ್ರಾಣಾಯಾಮ ಸಾಲದು. ಅಲುಗಾಡದ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಒಬ್ಬರು ಕಲಿಸಿಕೊಡಲಿ.

*ಜಾಗಕ್ಕೆ:* ಮೊದಲು ಬಾತ್‌ರೂಮ್ ನೋಡಿ, ಆಮೇಲೆ ಹಾಲ್ ನೋಡಿ. ನೆಲಮಹಡಿಯಲ್ಲಿರಬೇಕು. ಕಮೋಡ್, ಪಕ್ಕದಲ್ಲಿ ಹಿಡಿಕೆ, ಜಾರದ ನೆಲ, ಹೊರಗೆ ತೆರೆಯುವ ಬಾಗಿಲು ಬೇಕು. ಬಾತ್‌ರೂಮ್ ಸರಿಯಿಲ್ಲದ ಕಡೆ ನಮ್ಮ ಹೆಂಗಸರು ನೀರೇ ಕುಡಿಯುವುದಿಲ್ಲ. ಚೆನ್ನೈ ಸೆಕೆಯಲ್ಲಿ ಅದರ ಫಲ ತಲೆಸುತ್ತು, ಉರಿಮೂತ್ರ. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ. ಅಲ್ಲಿಂದ ಕೇಂದ್ರದವರೆಗೆ ನಾಲ್ಕು ಮಂದಿಗೊಂದು ಆಟೋ ಗೊತ್ತು ಮಾಡಿ.

*ತಿಂಡಿಗೆ:* ಸಕ್ಕರೆ ತಪಾಸಣೆ ಶಿಬಿರ ಮಾಡಿ ಕೊನೆಗೆ ಕೇಸರಿಬಾತ್ ಹಂಚುವುದನ್ನು ದಯವಿಟ್ಟು ಬಿಡೋಣ! ಉಸ್ಲಿ, ಮಜ್ಜಿಗೆ ಸಾಕು.

ಇನ್ನೊಂದು ಮಾತು. ಹಿರಿಯರನ್ನು ಕೂರಿಸಿ ಮನರಂಜನೆ ಕೊಡುವುದೇ ಕಾರ್ಯಕ್ರಮವಲ್ಲ. ಅವರಿಗೆ ಕೆಲಸ ಕೊಡಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಶನಿವಾರ ಒಂದು ಗಂಟೆ ಅಜ್ಜಿಯರು ಕಲಿಸಲಿ. ಕನ್ನಡ ಸಿನಿಮಾಗಳು ಇಲ್ಲಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ ಕಂಡವರು ಇನ್ನೂ ಇದ್ದಾರೆ. ಅವರು ಹೇಳಲಿ, ನಾವು ಕೇಳೋಣ. ಕಾಯುವವರು ಇದ್ದಾರೆ ಎಂದಾಗ ಮಂಡಿ ನೋವಿದ್ದರೂ ಜನ ಎದ್ದು ಬರುತ್ತಾರೆ.

"ದುಡ್ಡು ಎಲ್ಲಿಂದ?" ಎನ್ನುತ್ತೀರಿ. ಕಟ್ಟಡಕ್ಕೆ ಕಾಯಬೇಡಿ. ಎಷ್ಟೋ ಸಭಾಂಗಣಗಳು ವಾರದ ದಿನಗಳಲ್ಲಿ ಖಾಲಿ ಇರುತ್ತವೆ. ವಾರಕ್ಕೆ ಎರಡು ದಿನ, ಹನ್ನೆರಡು ಮಂದಿ, ಬೆಳಿಗ್ಗೆ ಹತ್ತೂವರೆಯಿಂದ ಮೂರು. ರಾಜ್ಯೋತ್ಸವದ ಒಂದು ಸಂಜೆಯ ಶಾಮಿಯಾನ, ಹಾರ, ಶಾಲುಗಳ ಖರ್ಚು ಉಳಿಸಿದರೆ ಕೆಲವು ತಿಂಗಳ ಆಟೋ ಬಾಡಿಗೆಯಾದರೂ ಹುಟ್ಟೀತು. ಅಮ್ಮನಿಗೆ ಶಾಲು ಬೇಕಿಲ್ಲ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾತಾಡಲು ಒಬ್ಬರು ಬೇಕು.

ಸಭೆ ಸೇರುವ ಮೊದಲು ಈ ಭಾನುವಾರ ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಮೂರು ಪ್ರಶ್ನೆ ಕೇಳಿ:

1. ಮೈಯಲ್ಲಿ ಏನಾಗುತ್ತಿದೆ? (ಅವರ ಮಾತಿನಲ್ಲೇ ಬರೆದುಕೊಳ್ಳಿ.)
2. ಹೊರಗೆ ಹೋಗಲು ಯಾವುದಕ್ಕೆ ಹೆದರಿಕೆ?
3. ಈ ವಾರ ಮನೆಯವರನ್ನು ಬಿಟ್ಟು ಯಾರ ಜೊತೆ ಕನ್ನಡ ಮಾತಾಡಿದಿರಿ?

ಸಕ್ಕರೆ ಕಾಯಿಲೆ ಇದ್ದರೆ ಅವರ ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿ. ಬೊಬ್ಬೆ, ಗಾಯ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರಿಗೆ ತೋರಿಸಿ. ಹಿರಿಯರಿಗೆ ಸಹಾಯ ಬೇಕಾದರೆ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮೂರನೆಯ ಪ್ರಶ್ನೆಗೆ "ಯಾರ ಜೊತೆಯೂ ಇಲ್ಲ" ಎಂಬ ಉತ್ತರ ಬಂದರೆ, ಕೇಂದ್ರ ಬೇಕೋ ಬೇಡವೋ ಎಂಬ ಚರ್ಚೆ ನಿಮ್ಮ ಮನೆಯಲ್ಲಿ ಅಲ್ಲಿಗೇ ಮುಗಿಯಿತು.

ಸರಿ ಎನಿಸಿದರೆ ನಿಮ್ಮ ಗುಂಪಿನವರಿಗೂ ಕಳುಹಿಸಿ. 🙏