ಅಜ್ಜಿಯ ಮಗ್ಗುಲು ಬದಲಿಸಿದ್ದಕ್ಕೆ ವೋಚರ್ ಎಲ್ಲಿ?

1/3
ಫೋಟೋದಲ್ಲಿರುವುದು ನನ್ನ ಅಜ್ಜಿಯ ಕೈ. ನಮ್ಮದು ಕಾಪು. ಸ್ಟ್ರೋಕ್ ಆದ ಮೇಲೆ ಅವರಿಗೆ ತಾವಾಗಿ ಹೊರಳ್ಲಿಕ್ಕೂ ಆಗುದಿಲ್ಲ. ಹಗಲು ಮನೆಯಲ್ಲಿ ಯಾರೂ ಇರುದಿಲ್ಲ, ಹಾಗಾಗಿ ಕಾರ್ಕಳ ಕಡೆಯ ಒಂದು ಹೋಮ್‌ನಲ್ಲಿ ಬಿಟ್ಟೆವು. ಎರಡು ತಿಂಗಳಲ್ಲಿ ಸೊಂಟದ ಕೆಳಗೆ ಹುಣ್ಣು.

"ಮಗ್ಗುಲು ಬದಲಿಸ್ತೀರಲ್ಲ?" ಅಂತ ಅಮ್ಮ ಕೇಳಿದ್ರು.
"ಬದಲಿಸ್ತೇವೆ ಅಮ್ಮ."

ಎಷ್ಟು ಗಂಟೆಗೆ? ಯಾವ ಕಡೆಗೆ? ಎಲ್ಲಿಯೂ ಬರೆದಿಲ್ಲ. ನಾನು ಬಿಕಾಂ ಓದುವವಳು. ವೋಚರ್ ಇಲ್ಲದ ನೂರು ರೂಪಾಯಿ ಖರ್ಚನ್ನೂ ಆಡಿಟ್‌ನಲ್ಲಿ ಪ್ರಶ್ನೆ ಮಾಡ್ತಾರೆ. ಅಜ್ಜಿಯ ಬೆನ್ನಿಗೆ ಅಷ್ಟೂ ಲೆಕ್ಕ ಬೇಡವಾ?

2/3
ಇದಕ್ಕೆ ಕ್ಲಿನಿಕಲ್ ಗೈಡ್‌ಲೈನ್ ಉಂಟು. ಹಾಸಿಗೆ ಹುಣ್ಣಿನ ಬಗ್ಗೆ 2019ರಲ್ಲಿ ಬಂದ ಅಂತರರಾಷ್ಟ್ರೀಯ ಗೈಡ್‌ಲೈನ್ ದೊಡ್ಡ ಪುಸ್ತಕವೇ. ಆದ್ರೆ ಹಾಸಿಗೆ ಪಕ್ಕಕ್ಕೆ ಬೇಕಾದದ್ದು ನಾಲ್ಕೇ ಸಾಲು:

▪️ ದಿನಾ ಚರ್ಮ ನೋಡಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದ್ರೂ ಬಿಳಿಚದಿದ್ರೆ ಅದೇ ಹುಣ್ಣಿನ ಶುರು.
▪️ ಮಗ್ಗುಲು ಬದಲಿಸಿ. ಎರಡು ಗಂಟೆಗೊಮ್ಮೆ ಅನ್ನುವುದು ಹಳೆಯ ರೂಢಿ, ಈಗ ಆಯಾ ವ್ಯಕ್ತಿಯ ಚರ್ಮ, ಶಕ್ತಿ ನೋಡಿ ಸಮಯ ನಿರ್ಧರಿಸಿ ಅಂತಾರೆ.
▪️ ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಿನ ಕೆಳಗೆ ದಿಂಬು ಇಡಿ.
▪️ ಒದ್ದೆಯಲ್ಲಿ ಮಲಗಿಸಬೇಡಿ, ಊಟದಲ್ಲಿ ಪ್ರೋಟೀನ್ ಇರಲಿ.

3/3
"ಪ್ರೀತಿ ಇದ್ರೆ ಸಾಕು, ಕಾಗದ ಎಂತಕ್ಕೆ?" ಅಂತ ಮಾವ ಕೇಳಿದ್ರು. ರಾತ್ರಿ ಪಾಳಿಯ ಅಕ್ಕನಿಗೆ ಅಜ್ಜಿ ಮೇಲೆ ಪ್ರೀತಿ ಉಂಟು ಮಾರ್ರೆ, ನಾನೇ ನೋಡಿದ್ದೇನೆ. ಆದ್ರೆ ಇಡೀ ಹಾಲ್‌ಗೆ ಅವರೊಬ್ಬರೇ. ಬೆಳಿಗ್ಗೆ ಬರುವವರಿಗೆ ರಾತ್ರಿ ಎಂತ ಆಯ್ತು ಅಂತ ಹೇಳುವುದು ಆ ಕಾಗದವೇ. ರಾತ್ರಿಯ ಕಾಲಂ ದಿನಾ ಖಾಲಿ ಇದ್ರೆ ಅದು ಅಕ್ಕನ ತಪ್ಪಲ್ಲ, ಇನ್ನೊಬ್ಬರನ್ನು ಕೆಲಸಕ್ಕೆ ಇಡಬೇಕು ಅನ್ನುವುದಕ್ಕೆ ಸಾಕ್ಷಿ.

ಸುಮ್ಮನೆ ಟಿಕ್ ಹಾಕಿ ಬಿಡ್ತಾರೆ ಅಂತೀರಾ? ಹಾಕಬಹುದು. ಅದಕ್ಕೇ ನಾವು ಹೋದಾಗ ಚಾರ್ಟ್ ಜೊತೆ ಚರ್ಮವನ್ನೂ ನೋಡಬೇಕು.

2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವೃದ್ಧಾಶ್ರಮಗಳ ಗುಣಮಟ್ಟ, ವೈದ್ಯಕೀಯ ಸೇವೆ ಹೇಗಿರಬೇಕು ಅಂತ ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಉಂಟು. ನಮ್ಮ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು ಎರಡೂ ಉಂಟು. ಕನ್ನಡದಲ್ಲಿ ಒಂದು ಪುಟದ ಚಾರ್ಟ್, ಆಯಾಗಳಿಗೆ ಒಂದು ದಿನದ ತರಬೇತಿ, ಇಷ್ಟು ಕಷ್ಟವಾ?

ನಾವು ಕೈಯಲ್ಲೇ ಗೆರೆ ಎಳೆದು ಒಂದು ಚಾರ್ಟ್ ಮಾಡಿ ಅಜ್ಜಿಯ ಮಂಚಕ್ಕೆ ಕಟ್ಟಿದ್ದೇವೆ. ಕೊನೆಯ ಫೋಟೋ ಅದೇ. ಮೊನ್ನೆ ರಾತ್ರಿ 2ರ ಕಾಲಂ ಖಾಲಿ, 4ರದ್ದು ತುಂಬಿತ್ತು. ಖಾಲಿ ಬಿಟ್ಟದ್ದಕ್ಕೇ ನನಗೆ ಆ ಅಕ್ಕನ ಮೇಲೆ ನಂಬಿಕೆ ಜಾಸ್ತಿ ಆಯ್ತು.

ನಿಮ್ಮವರು ಇರುವ ಹೋಮ್‌ನಲ್ಲಿ ಇಂಥ ಚಾರ್ಟ್ ಉಂಟಾ? ಕೇಳಿ ನೋಡಿ, ಕಮೆಂಟ್ ಮಾಡಿ.

#ಉಡುಪಿ #ಕಾಪು #ಕಾರ್ಕಳ #ಅಜ್ಜಿ