ಕೈಗೆ ಬಂದ ತುತ್ತು

ಗಾಲ್ಫ್ ಎಂಬ ಆಟವು ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ವಾಚಕರಿಗೆ ಅಷ್ಟಾಗಿ ಪರಿಚಿತವಾದುದಲ್ಲ. ಹಣವಂತರ ವಿನೋದವೆಂದು ನಾವೂ ಅದನ್ನು ಬಹುಕಾಲ ಕಡೆಗಣಿಸಿದ್ದುಂಟು. ಆದರೆ 2021ನೆಯ ಇಸವಿಯ ಆಗಸ್ಟ್ 7ರಂದು ಈ ಆಟದ ಗಂಧವೇ ಇಲ್ಲದ ಅಸಂಖ್ಯ ಜನರು ಬೆಳಗಿನ ಜಾವದಲ್ಲೆದ್ದು, ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕರು ಹೊಡೆಯುವ ಒಂದೊಂದು ಹೊಡೆತಕ್ಕೂ ಉಸಿರು ಬಿಗಿಹಿಡಿದು ಕುಳಿತಿದ್ದರು. ಲೋಕದ ಶ್ರೇಯಾಂಕದಲ್ಲಿ ಅವರದು ಆಗ 200ನೆಯ ಸ್ಥಾನ. ಕೆಲವೇ ತಿಂಗಳ ಹಿಂದೆ ಕೋವಿಡ್ ಜಾಡ್ಯವು ತೋಳಿನ ಬಲವನ್ನು ಹೀರಿತ್ತು. ತಾಯಿಯೇ ಕೋಲುಗಳ ಚೀಲವನ್ನು ಹೊತ್ತು ಜೊತೆಗೆ ನಡೆದರು. ನಾಲ್ಕು ದಿನ, 72 ಕುಳಿ, 269 ಹೊಡೆತ. ಪದಕಕ್ಕೆ ಕಡಿಮೆಯಾದದ್ದು ಒಂದೇ ಒಂದು ಹೊಡೆತ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದೇಶವೆಲ್ಲ ಅವರನ್ನು ಕೊಂಡಾಡಿತು. ಅದು ಯೋಗ್ಯವೇ ಸರಿ. ಆದರೆ ಎರಡು ವರ್ಷಗಳ ತರುವಾಯ ನಡೆದುದನ್ನು ನೋಡಬೇಕು. 2023ರಲ್ಲಿ ಚೀನದ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಮೂರನೆಯ ದಿನ 61 ಹೊಡೆತಗಳಲ್ಲಿ ಸುತ್ತು ಮುಗಿಸಿ, ಉಳಿದವರೆಲ್ಲರಿಗಿಂತ 7 ಹೊಡೆತ ಮುಂದಿದ್ದರು. ಮರುದಿನ, ಅಕ್ಟೋಬರ್ 1ರಂದು, 77 ಹೊಡೆತಗಳು ಬಿದ್ದವು. ಚಿನ್ನವು ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಅವರ ಪಾಲಾಯಿತು. ಅದಿತಿಗೆ ಬೆಳ್ಳಿ. ಈ ಕೂಟದ ಗಾಲ್ಫಿನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ಪದಕವಿಲ್ಲದೆ ಬಂದಾಗ ಹಾರ ಹಾಕಿದ ಜನರೇ ಪದಕ ತಂದಾಗ ಮುಖ ಸಣ್ಣದು ಮಾಡಿಕೊಂಡರು. ಇದೆಂತಹ ನ್ಯಾಯ?

ಅದು ಕುಸಿತವೇ ಅಲ್ಲವೆಂದು ನಾವು ಹೇಳುವುದಿಲ್ಲ. 7 ಹೊಡೆತಗಳ ಮುನ್ನಡೆಯು ಒಂದೇ ದಿನದಲ್ಲಿ ಕರಗಿದ್ದನ್ನು ಬೇರೆ ಹೆಸರಿನಿಂದ ಕರೆಯುವುದು ಆಟಗಾರ್ತಿಗೆ ತೋರುವ ಗೌರವವಲ್ಲ. ಆದರೆ ಬಿದ್ದ ಎತ್ತರವನ್ನು ಏರಿದವರು ಯಾರು? ಆ 61 ಹೊಡೆತಗಳ ಸುತ್ತನ್ನು ಆಡದೆ ಇದ್ದಿದ್ದರೆ ಮರುದಿನ ಕಳೆದುಕೊಳ್ಳಲು ಅವರಲ್ಲಿ ಏನಿರುತ್ತಿತ್ತು?

ಈ ಆಟದ ಕ್ರೌರ್ಯ ವಿಚಿತ್ರವಾದುದು. ಚೆಂಡು ಮಲಗಿರುತ್ತದೆ, ಎದುರಾಳಿಯು ಅದನ್ನು ಮುಟ್ಟುವಂತಿಲ್ಲ, ತಪ್ಪನ್ನು ಹೊರಿಸಲು ಜೊತೆಯವರೂ ಇಲ್ಲ. ಒಂದು ಹೊಡೆತಕ್ಕೆ ಕ್ಷಣ ಸಾಕು, ಅದರಿಂದ ಮುಂದಿನ ಹೊಡೆತಕ್ಕೆ ನಡೆಯುವ ದಾರಿಯೇ ದೀರ್ಘ. ಮನಸ್ಸು ಕೆಡುವುದು ಆ ದಾರಿಯಲ್ಲಿ. ಹಿಂದಿರುವವನು ಧೈರ್ಯವಾಗಿ ಹೊಡೆಯುತ್ತಾನೆ. ಮುಂದಿರುವವನು ರಾಶಿ ಮಾಡಿದ ತೊಗರಿಯನ್ನು ಕಣದಲ್ಲಿಟ್ಟುಕೊಂಡು ಮೋಡ ನೋಡುವ ರೈತನಂತಾಗುತ್ತಾನೆ. 1996ರಲ್ಲಿ ಆಸ್ಟ್ರೇಲಿಯದ ಗ್ರೆಗ್ ನಾರ್ಮನ್ ಅಮೆರಿಕದ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ 6 ಹೊಡೆತ ಮುಂದಿದ್ದು, ಸಂಜೆಗೆ 5 ಹೊಡೆತಗಳಿಂದ ಸೋತನು. 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಫ್ರಾನ್ಸಿನ ವಾನ್ ದ ವೆಲ್ಡ್‌ಗೆ ಕೊನೆಯ ಕುಳಿಯಲ್ಲಿ 6 ಹೊಡೆತಗಳು ಸಾಕಾಗಿದ್ದವು. 7 ತೆಗೆದುಕೊಂಡನು. ಪಾದರಕ್ಷೆ ಕಳಚಿ ಹಳ್ಳದ ನೀರಿಗಿಳಿದು ಚೆಂಡನ್ನು ನೋಡುತ್ತ ನಿಂತ ಅವನ ಚಿತ್ರ ಲೋಕಪ್ರಸಿದ್ಧ. ಆ ದಿನ 10 ಹೊಡೆತ ಹಿಂದಿನಿಂದ ಬಂದು ಪ್ರಶಸ್ತಿ ಗೆದ್ದವನು ಸ್ಕಾಟ್ಲೆಂಡಿನವನೇ ಆದ ಪಾಲ್ ಲಾರಿ. ಗೆದ್ದವನ ಹೆಸರನ್ನು ಕೇಳಿದರೆ ಆಟ ಬಲ್ಲವರೂ ತಡವರಿಸುತ್ತಾರೆ. ಬಿದ್ದವನನ್ನು ನೋಡಿ ಲೊಚಗುಟ್ಟುವುದರಲ್ಲಿ ಜನಕ್ಕೆ ಅಷ್ಟು ರುಚಿ!

ನಮ್ಮ ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಹಾಂಗ್‌ಝೌ ಕುಸಿತವಾಗಿ ಎರಡು ತಿಂಗಳು ತುಂಬುವುದರೊಳಗೆ, ಅದೇ ನವೆಂಬರಿನಲ್ಲಿ, ಅದಿತಿ ಅಶೋಕರು ಸ್ಪೇನ್ ದೇಶದ ಓಪನ್ ಪಂದ್ಯವನ್ನು ಗೆದ್ದರು. ಎಷ್ಟು ಮಂದಿ ವಾಚಕರಿಗೆ ಈ ಸಮಾಚಾರ ಮುಟ್ಟಿತು? ಅಂಕಪಟ್ಟಿಯೊಂದೇ ಗೆದ್ದವರಾರೆಂಬುದನ್ನು ಹೇಳಲಾರದೆಂದು ಸುರಪುರದವರಿಗೆ ಬೇರೆ ಹೇಳಬೇಕಾಗಿಲ್ಲ. 1705ರಲ್ಲಿ ಔರಂಗಜೇಬನು ವಾಗಿನಗೇರಿಯ ಕೋಟೆಯನ್ನು ಹಿಡಿದನೇನೋ ನಿಜ. ನಾಯಕನು ಮಾತ್ರ ಅವನ ಕೈಗೆ ಸಿಕ್ಕಲಿಲ್ಲ.

ಇಷ್ಟನ್ನು ನಾವು ಈಗ ಬರೆಯುವುದಕ್ಕೆ ಮನೆಯ ಕಾರಣವೊಂದಿದೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ಜಿಲ್ಲೆಯು ಶೇಕಡ 50.59 ಫಲಿತಾಂಶದೊಡನೆ ರಾಜ್ಯದಲ್ಲಿ ಕಡೆಯದಾಯಿತು. ಅಂದಿನಿಂದ ಇಲ್ಲಿನ ಮಕ್ಕಳನ್ನು ಕುರಿತು ಆಡುವ ಮಾತುಗಳನ್ನು ಕೇಳುತ್ತಿದ್ದೇವೆ. ನಾಲ್ಕು ಅಂಕಗಳಿಂದ ತಪ್ಪಿದ ಹುಡುಗಿಯನ್ನು ಮರುಪರೀಕ್ಷೆಗೆ ಕೂಡಿಸುವ ಬದಲು ಮದುವೆಯ ಮಾತೆತ್ತುವ ಮನೆಗಳಿವೆ. ತಪ್ಪಿದ ಹುಡುಗನನ್ನು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತಿಸುವ ಮನೆಗಳಿವೆ. ವೃತ್ತಿ ಆಟಗಾರರಿಗೆ ಮುಂದಿನ ವಾರವೇ ಇನ್ನೊಂದು ಪಂದ್ಯವುಂಟು. ನಮ್ಮ ಮಕ್ಕಳಿಗೆ?

ಬಿಡದಿಯ ಬಳಿಯ ಹಳ್ಳಿಯೊಂದರ ಹುಡುಗ ಚಿಕ್ಕರಂಗಪ್ಪನು ವೃತ್ತಿಯ ಗಾಲ್ಫ್ ಆಟಗಾರನಾದದ್ದು, ಊರ ಪಕ್ಕದಲ್ಲಿ ಮೈದಾನವೂ, ಕೈಹಿಡಿದು ಕಲಿಸುವ ಗುರುವೂ ಇದ್ದುದರಿಂದ. ನಮಗೆ ಗಾಲ್ಫ್ ಮೈದಾನ ಬೇಡ. ಅದಕ್ಕೆ ಹಾಯಿಸುವ ನೀರನ್ನು ಕಾಲುವೆಯ ಕೊನೆಯ ಭಾಗದ ರೈತನಿಗೆ ಬಿಟ್ಟರೆ ಸಾಕು. ನಾವು ಕೇಳುವುದು, ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳನ್ನು ತುಂಬಬೇಕೆಂದು; ಮತ್ತು ತಪ್ಪಿದ ಮಕ್ಕಳಿಗಾಗಿ ಮರುಪರೀಕ್ಷೆಯವರೆಗೆ ಪ್ರತಿ ಹೋಬಳಿಯಲ್ಲಿಯೂ ಸಂಜೆಯ ಪಾಠ ನಡೆಸಬೇಕೆಂದು. ಶಾಸಕರು ಮುಂದಿನ ಫಲಿತಾಂಶಕ್ಕೆ ಮೊದಲೇ ಇದಕ್ಕೆ ಉತ್ತರ ಕೊಡಲಿ.