ಡಿಗ್ರಿ ನಾಟಕಕ್ಕೂ ಹಳ್ಳಿ ನಾಟಕಕ್ಕೂ ನಡುವೆ ಬಸ್ಸೇ ಇಲ್ಲ!

ಭಾರತೀನಗರ: ಹಳಬರಿಗೆ ಇದು ಕಾಳಮುದ್ದನದೊಡ್ಡಿ, ಬಸ್ ಕಂಡಕ್ಟರಿಗೆ ಕೆ.ಎಂ. ದೊಡ್ಡಿ, ಕಾಲೇಜು ಹುಡುಗರಿಗೆ ಭಾರತೀನಗರ. ಮೂರು ಹೆಸರಿನ ಈ ಒಂದೇ ಊರಿನಿಂದ ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಗೂ ಬಸ್ಸುಂಟು. ಕಬ್ಬು ಅರೆಯಲು ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ ಉಂಟು. ಮಕ್ಕಳ ಓದಿಗೆ ದಿವಂಗತ ಜಿ. ಮಾದೇಗೌಡರು ಕಟ್ಟಿ ಬೆಳೆಸಿದ ಭಾರತೀ ವಿದ್ಯಾಸಂಸ್ಥೆ ಉಂಟು. ಸುತ್ತಮುತ್ತಲ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹಬ್ಬ ಜಾತ್ರೆ ಶುರುವಾದರೆ ‘ಕುರುಕ್ಷೇತ್ರ’ ನಾಟಕವೂ ಉಂಟು. ಇಷ್ಟೆಲ್ಲ ಇದ್ದೂ ಒಂದು ದಾರಿ ಮಾತ್ರ ಇನ್ನೂ ಆಗಿಲ್ಲ. ಅದು ಮೈಸೂರಿನ ನಾಟಕದ ತರಗತಿಗೂ ಇಲ್ಲಿನ ನಾಟಕದ ಚಪ್ಪರಕ್ಕೂ ನಡುವಿನ ದಾರಿ.

“ನಮ್ಮ ಹುಡ್ಗ ನಾಟ್ಕದಲ್ಲಿ ಎಂ.ಎ. ಮಾಡ್ತಾವ್ನೆ” ಎಂದು ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ, “ಅದ್ಕೂ ಕಾಲೇಜ್ ಐತಾ?” ಎಂಬ ಪ್ರಶ್ನೆ ಗ್ಯಾರಂಟಿ. ಐತೆ ಸ್ವಾಮಿ, ಒಂದಲ್ಲ, ಹಲವು ಐತೆ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿನಲ್ಲಿ ಸಂಗೀತ, ನೃತ್ಯದ ಜೊತೆ ನಾಟಕವೂ ಪಾಠದ ವಿಷಯ. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗದಲ್ಲಿ ನಾಟಕ ಕಲಿಸುತ್ತಾರೆ. ಇವು ಸಾಲದೆಂಬಂತೆ, ಗಂಗೂಬಾಯಿ ಹಾನಗಲ್ಲರು ತೀರಿಕೊಂಡ 2009ರಲ್ಲೇ ಅವರ ಹೆಸರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಕಾಯಿದೆಯಾಗಿ, ಮೈಸೂರಿನಲ್ಲೇ ಅದು ನೆಲೆ ನಿಂತಿತು. ಎಲ್ಲಕ್ಕೂ ಸಲ್ಲುವುದು ಸರ್ಕಾರದ ಹಣ. ಅಂದರೆ ಬೆಂಕಿಪೊಟ್ಟಣದಿಂದ ಬೈಕಿನವರೆಗೆ ತೆರಿಗೆ ಕೊಡುವ ಅಂಗಡಿಯವನದು, ಗಿರಾಕಿಯದು. ಹಾಗಿದ್ದ ಮೇಲೆ ಆ ಕಲಿಕೆಯಿಂದ ಇಲ್ಲಿಗೆ ಬಂದದ್ದೇನು ಎಂದು ಕೇಳುವುದು ತಪ್ಪಲ್ಲ.

ಅಲ್ಲಿ ಕಲಿಸುವುದೇನು?

ನಾಟಕದ ವಿಭಾಗವೆಂದರೆ ಬಣ್ಣ ಹಚ್ಚಿಕೊಂಡು ಕುಣಿಯುವ ಜಾಗ ಎಂದು ಹಗುರವಾಗಿ ಮಾತಾಡುವವರಿದ್ದಾರೆ. ಅದು ಸರಿಯಲ್ಲ. ಬೆಳಿಗ್ಗೆ ಮೈ ಪಳಗಿಸುವ ವ್ಯಾಯಾಮ, ಆಮೇಲೆ ದನಿಯ ಅಭ್ಯಾಸ, ಭರತನ ನಾಟ್ಯಶಾಸ್ತ್ರದ ಪಾಠ, ರಷ್ಯಾದ ಸ್ತಾನಿಸ್ಲಾವ್‌ಸ್ಕಿ, ಜರ್ಮನಿಯ ಬ್ರೆಕ್ಟ್ ಹೇಳಿದ ಅಭಿನಯದ ವಿಚಾರ, ಬೆಳಕಿನ ಲೆಕ್ಕಾಚಾರ, ರಂಗಸಜ್ಜಿಕೆ, ಪ್ರಸಾಧನ, ನಿರ್ದೇಶನ, ಹೀಗೆ ಕೆಲಸ ಬೇಕಾದಷ್ಟಿದೆ. ಕೊನೆಗೆ ವಿದ್ಯಾರ್ಥಿಗಳೇ ಸೇರಿ ಪೂರ್ಣ ನಾಟಕವೊಂದನ್ನು ಕಟ್ಟಬೇಕು. ಗಿರೀಶ ಕಾರ್ನಾಡರ ‘ತುಘಲಕ್’, ಲಂಕೇಶರ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಂಥ ನಾಟಕಗಳು ರಂಗಶಾಲೆಗಳಲ್ಲಿ ಮತ್ತೆ ಮತ್ತೆ ಏರುವುದು ಹೀಗೆಯೇ.

ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಆಟ? ಸಾಮಾನ್ಯವಾಗಿ ಒಂದು ಸಂಜೆ, ಹೆಚ್ಚೆಂದರೆ ಎರಡು ಮೂರು. ನೋಡುವವರು ಮೇಷ್ಟ್ರುಗಳು, ಸಹಪಾಠಿಗಳು, ಊರಿನ ನಾಲ್ಕು ಮಂದಿ ರಂಗಾಸಕ್ತರು. ಅಂಕ ಬಿತ್ತು, ಸೆಟ್ಟು ಗೋದಾಮಿಗೆ ಹೋಯಿತು, ಹುಡುಗರು ಚದುರಿದರು. ಮುಂದಿನ ವರ್ಷಕ್ಕೆ ಮತ್ತೊಂದು ನಾಟಕ, ಅದೇ ಕಥೆ.

ಇಲ್ಲಿಯ ರಾತ್ರಿ ಶಾಲೆ

ಈಗ ಇತ್ತ ನೋಡಿ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಪೌರಾಣಿಕ ನಾಟಕ ಎಂದರೆ ಅದೂ ಒಂದು ಶಾಲೆಯೇ. ಹಾರ್ಮೋನಿಯಂ ಮೇಷ್ಟ್ರು ಬಂದು ದೇವಸ್ಥಾನದ ಜಗಲಿಯಲ್ಲೋ ಸ್ಕೂಲಿನ ಕೊಠಡಿಯಲ್ಲೋ ಪೆಟ್ಟಿಗೆ ಬಿಚ್ಚಿದರೆ, ಹಗಲೆಲ್ಲ ಗದ್ದೆಯಲ್ಲಿದ್ದವರು, ಅಂಗಡಿಯಲ್ಲಿದ್ದವರು, ಆಟೋ ಓಡಿಸಿದವರು ರಾತ್ರಿ ಕಂದಪದ್ಯ ಕಲಿಯಲು ಕೂರುತ್ತಾರೆ. ತಿಂಗಳುಗಟ್ಟಲೆ ಇದೇ ಪಾಠ. ಪಾತ್ರಕ್ಕೆ ಸಂಬಳ ಸಿಗುವುದಿರಲಿ, ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನ, ಕರ್ಣ, ಭೀಮನ ಪಾತ್ರಗಳಿಗೆ ರೇಟು ಜಾಸ್ತಿ, ದ್ವಾರಪಾಲಕನಿಗೆ ಕಡಿಮೆ. ಸೀನರಿ, ಡ್ರೆಸ್ಸು, ಮೈಕು, ಲೈಟು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ, ಎಲ್ಲ ಸೇರಿ ಖರ್ಚು ಲಕ್ಷ ಲಕ್ಷ. ಕಬ್ಬಿನ ದುಡ್ಡು ಕೈಗೆ ಬರುವ ಮುಂಚೆಯೇ ಕರ್ಣನ ಕಿರೀಟಕ್ಕೆ ಹೋದದ್ದೂ ಉಂಟು ಎಂದು ಊರವರು ನಗುತ್ತಾರೆ.

ಆ ರಾತ್ರಿ ಹೆಂಗಸರು ಮಕ್ಕಳು ಚಾಪೆ ಹಿಡಿದು ಬಂದು ಕೂತರೆ ಏಳುವುದು ಬೆಳಕು ಹರಿದ ಮೇಲೆ. ಪದ್ಯ ಚೆನ್ನಾಗಿ ಬಂದರೆ ‘ಒನ್ಸ್ ಮೋರ್’, ಕೊರಳಿಗೆ ನೋಟಿನ ಹಾರ. ನಡುವೆ ಮುಖಂಡರು ವೇದಿಕೆ ಹತ್ತಿ ಭಾಷಣ ಹೊಡೆದರೂ ಜನ ಸಹಿಸಿಕೊಳ್ಳುತ್ತಾರೆ. ಇಷ್ಟು ನಿಷ್ಠೆಯ ಪ್ರೇಕ್ಷಕರು ಯಾವ ವಿಶ್ವವಿದ್ಯಾಲಯಕ್ಕೆ ಸಿಕ್ಕಾರು?

ಈ ಆಟ ಆಕಾಶದಿಂದ ಉದುರಿದ್ದಲ್ಲ. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಹಾಡು, ಪರದೆ, ಗತ್ತು ಮಾತ್ರ ಹಳ್ಳಿಯಲ್ಲಿ ಉಳಿದುಕೊಂಡಿತು. ವಿಶ್ವವಿದ್ಯಾಲಯದಲ್ಲಿ ‘ಕಂಪನಿ ನಾಟಕದ ಇತಿಹಾಸ’ ಎಂದು ಪುಸ್ತಕದಲ್ಲಿ ಓದುವುದನ್ನು ಮದ್ದೂರು, ಮಳವಳ್ಳಿ ತಾಲೂಕಿನಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು.

ಇಬ್ಬರಿಗೂ ನಷ್ಟ

ಅಭಿನಯದಲ್ಲಿ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಬಗೆ ಹೇಳುತ್ತದೆ ನಾಟ್ಯಶಾಸ್ತ್ರ. ಮೈ, ಮಾತು, ವೇಷ, ಒಳಗಿನ ಭಾವ ಎಂದು ಸರಳವಾಗಿ ಹೇಳಬಹುದು. ಹಳ್ಳಿಯ ಮೇಷ್ಟ್ರು ಮಾತು ಮತ್ತು ಹಾಡಿನಿಂದ ಶುರು ಮಾಡುತ್ತಾರೆ. ವೇಷ ಬಾಡಿಗೆಗೆ ಬರುತ್ತದೆ. ಮೈ ಹೇಗಿರಬೇಕು ಎಂಬ ಪಾಠಕ್ಕೆ ಪುರಸೊತ್ತಿಲ್ಲ. ಹಾಗಾಗಿ ಪದ್ಯ ಹಾಡುವ ದುರ್ಯೋಧನ ಹುಲಿ, ಪದ್ಯ ಮುಗಿದ ಮೇಲೆ ಮೈಕಿನ ಮುಂದೆ ನೆಟ್ಟ ಕಂಬ! ವಿಶ್ವವಿದ್ಯಾಲಯದ ಹುಡುಗನ ಮೈ ಬಿಲ್ಲಿನಂತೆ ಬಾಗುತ್ತದೆ. ಆದರೆ ತಾರಕದಲ್ಲಿ ಒಂದು ಕಂದ ಎತ್ತು ಎಂದರೆ ಗಂಟಲು ಕಟ್ಟುತ್ತದೆ. ಒಬ್ಬನಲ್ಲಿ ಇರುವುದು ಇನ್ನೊಬ್ಬನಿಗೆ ಬೇಕು. ಇಬ್ಬರೂ ಭೇಟಿಯಾಗುವುದಿಲ್ಲ.

ಭೇಟಿಯಾಗದಿರಲು ಗರ್ವವೂ ಒಂದು ಕಾರಣ. ಓದಿದವರಿಗೆ ಹಳ್ಳಿಯ ನಾಟಕ ‘ಗದ್ದಲ’. ಹಳ್ಳಿಯವರಿಗೆ ಓದಿದವರ ನಾಟಕ ‘ಅದೇನ್ ನಾಟ್ಕನೋ ಕಣಪ್ಪ, ಹಾಡಿಲ್ಲ, ಸೀನ್ರಿ ಇಲ್ಲ, ಬರೀ ಕತ್ಲು’. ಪರಸ್ಪರ ಮುಖ ನೋಡದೆ ಕೊಟ್ಟ ಸರ್ಟಿಫಿಕೇಟುಗಳಿವು.

ಅವಸರ ಏಕೆಂದರೆ, ಕಂದಪದ್ಯದ ಮಟ್ಟುಗಳನ್ನು ಬಾಯಲ್ಲಿ ಉಳಿಸಿಕೊಂಡಿರುವ ಹಳೆಯ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ. ಅವರ ವಿದ್ಯೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದದ್ದು. ಒಬ್ಬ ಮೇಷ್ಟ್ರು ಪೆಟ್ಟಿಗೆ ಮುಚ್ಚಿದರೆ ಅದರೊಂದಿಗೆ ಎಷ್ಟೋ ಮಟ್ಟುಗಳು ಮುಚ್ಚಿಹೋಗುತ್ತವೆ.

ದಾರಿ ಮಾಡಿದವರಿದ್ದಾರೆ

ಕಂಪನಿಗೂ ಕಾಲೇಜಿಗೂ ಕೂಡಿಕೆ ಆಗದು ಎನ್ನುವವರು ಬಿ.ವಿ. ಕಾರಂತರ ಬದುಕು ನೋಡಬೇಕು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಕಾರಂತರನ್ನು ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ಸರ್ಕಾರದ ರಂಗಾಯಣ ಆರಂಭವಾದಾಗ ಅದನ್ನು ಕಟ್ಟಿದವರೂ ಅವರೇ. ಕಂಪನಿಯ ಹಾಡನ್ನು ಅವರು ಬಿಡಲಿಲ್ಲ. ಹೊಸ ನಾಟಕಕ್ಕೆ ಅದೇ ಹಾಡನ್ನು ಜೀವಾಳ ಮಾಡಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರದೂ ಅದೇ ಹಾದಿ: ಮನೆ ಕಂಪನಿಯದು, ಓದು ರಾಷ್ಟ್ರೀಯ ನಾಟಕ ಶಾಲೆಯದು. ಜಿಲ್ಲೆಯ ಹೆಸರನ್ನೇ ಹೊತ್ತ ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ದುಡಿದು, ಮೈಸೂರಿನಲ್ಲಿ ‘ನಟನ’ ಕಟ್ಟಿದರು.

ಊರು ಚಿಕ್ಕದು ಎಂಬ ಸಬೂಬೂ ನಡೆಯದು. ಸಾಗರ ತಾಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. ಅಲ್ಲಿನವರು 1949ರಲ್ಲಿ ನೀನಾಸಂ ಕಟ್ಟಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು, 1985ರಲ್ಲಿ ‘ತಿರುಗಾಟ’ ಆರಂಭಿಸಿದರು. ತಿರುಗಾಟದ ಲೆಕ್ಕ ಸರಳ: ತರಬೇತಾದ ನಟರ ತಂಡ ನಾಟಕಗಳನ್ನು ಸಿದ್ಧಮಾಡಿಕೊಂಡು ಊರೂರಿಗೆ ಹೊರಡುತ್ತದೆ, ಆಯಾ ಊರಿನ ಸಂಘದವರು ಜಾಗ, ಊಟ, ವಸತಿ ನೋಡಿಕೊಂಡು ಪ್ರದರ್ಶನಕ್ಕೆ ಇಷ್ಟು ಎಂದು ಕೊಡುತ್ತಾರೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಮಠ 1997ರಿಂದ ‘ಶಿವಸಂಚಾರ’ದ ಮೂಲಕ ಇಂಥದೇ ಕೆಲಸ ಹಿಡಿಯಿತು. ಒಂದು ಹಳ್ಳಿಯ ಸಂಘ, ಒಂದು ಹಳ್ಳಿಯ ಮಠ ಮಾಡಿದ್ದನ್ನು ವಿಶ್ವವಿದ್ಯಾಲಯಗಳು ಯಾಕೆ ಮಾಡಬಾರದು?

ಜನಕ್ಕೆ ಅರ್ಥವಾಗಲ್ಲವೆ?

‘ಹೊಸ ನಾಟಕ ಹಳ್ಳಿಯವರಿಗೆ ಹಿಡಿಸೋದಿಲ್ಲ’ ಎಂಬುದು ಹಳೆಯ ನೆಪ. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಂಗಕ್ಕೆ ತಂದಿತು. ರೂಪಾಂತರ ಕೆ.ವೈ. ನಾರಾಯಣಸ್ವಾಮಿಯವರದು, ನಿರ್ದೇಶನ ಸಿ. ಬಸವಲಿಂಗಯ್ಯನವರದು. ಬಯಲಲ್ಲಿ ಬೇರೆ ಬೇರೆ ವೇದಿಕೆ, ಸುಮಾರು 9 ಗಂಟೆಯ ಆಟ, ರಾತ್ರಿ ಶುರುವಾಗಿ ಬೆಳಗಿನವರೆಗೆ. ಪ್ರೇಕ್ಷಕರು ಟಿಕೆಟ್ ಕೊಂಡು ಬಂದು, ವೇದಿಕೆಯಿಂದ ವೇದಿಕೆಗೆ ಎದ್ದು ಹೋಗಿ ನೋಡಿದರು. ರಾತ್ರಿಯಿಡೀ ಕೂರುವ ಅಭ್ಯಾಸ ಜನಕ್ಕೆ ಇದೆ. ಅವರನ್ನು ಕೂರಿಸುವ ಆಟ ಬೇಕು, ಅಷ್ಟೆ.

ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಆ ಕಥೆಯನ್ನು ಆಧರಿಸಿ ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದರು. ಈ ನೆಲದ ಕಥೆ ಊರಾಚೆಯ ರಂಗಮಂದಿರಗಳನ್ನು ಕಂಡಿತು. ಕಬ್ಬು ಕಾರ್ಖಾನೆಗೆ ಹೋದರೆ ಸಕ್ಕರೆಯಾಗಿಯಾದರೂ ಅಂಗಡಿಗೆ ವಾಪಸು ಬರುತ್ತದೆ. ಇಲ್ಲಿಂದ ಹೋದ ಕಥೆ ನಾಟಕವಾಗಿ ಇಲ್ಲಿಗೆ ವಾಪಸು ಬರುವುದು ಬೇಡವೆ?

ಓದಿದವನ ಪಾಡು

ಇನ್ನು ಹೊಟ್ಟೆಪಾಡಿನ ಮಾತು. ನಾಟಕದ ಪದವಿ ಹಿಡಿದು ಬಂದವನಿಗೆ ಸಿನಿಮಾ, ಧಾರಾವಾಹಿಯ ಬಾಗಿಲು ತಟ್ಟುವುದು ಬಿಟ್ಟರೆ ದಾರಿ ಕಡಿಮೆ. ಸರ್ಕಾರ ಒಂದು ಕಾಲದಲ್ಲಿ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತ್ತು. ರಾಜ್ಯದಲ್ಲಿರುವ ಶಾಲೆಗಳ ಲೆಕ್ಕದಲ್ಲಿ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಶಾಲೆಗೊಬ್ಬರು ಬೇಡ, ಹೋಬಳಿಗೊಬ್ಬ ನಾಟಕದ ಮೇಷ್ಟ್ರು ಬಂದರೂ ಓದಿದವನಿಗೆ ಕೆಲಸ, ಮಕ್ಕಳಿಗೆ ನಾಲ್ಕು ಜನರೆದುರು ಬಾಯಿ ಬಿಚ್ಚುವ ಧೈರ್ಯ, ಎರಡೂ ಆದೀತು.

ವಿಶ್ವವಿದ್ಯಾಲಯಗಳ ಗತಿ ನೋಡಿದರೆ ಈ ಮಾತಿಗೆ ಇನ್ನೂ ತೂಕ ಬರುತ್ತದೆ. 2019ರಲ್ಲಿ ಮಂಡ್ಯದ ಸರ್ಕಾರಿ ಕಾಲೇಜನ್ನೇ ಮೇಲೇರಿಸಿ ಮಂಡ್ಯ ವಿಶ್ವವಿದ್ಯಾಲಯ ಎಂದರು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿದಾಗ ಆ ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಕಾರಣ ಹೇಳಿದ್ದು ಹಣಕಾಸಿನದು. ಕಟ್ಟಡದ ಬೋರ್ಡು ಬದಲಾದಾಗ ಊರಿನವರಿಗೆ ಏನು ಕಳೆದುಕೊಂಡೆವು ಎಂಬುದು ಗೊತ್ತಾಗಬೇಕಾದರೆ, ಬೋರ್ಡು ಇದ್ದಾಗ ಅದರಿಂದ ಊರಿಗೆ ಏನಾದರೂ ಬಂದಿರಬೇಕಲ್ಲವೆ? ಜನರ ಕಣ್ಣಿಗೆ ಬೀಳದ ವಿಭಾಗವನ್ನು ಯಾರಾದರೂ ಮುಚ್ಚಲು ಹೊರಟರೆ ಬೀದಿಗಿಳಿಯುವವರು ಯಾರು?

ಆಗಬೇಕಾದ್ದು

ಕೋಟಿಗಟ್ಟಲೆ ಯೋಜನೆ ಬೇಡ. ಒಂದು: ನಾಟಕದ ವಿದ್ಯಾರ್ಥಿ ಒಂದು ಸುಗ್ಗಿಯ ಕಾಲವನ್ನು ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರ ಬಳಿ ಕಳೆಯಲಿ, ಅದಕ್ಕೂ ಅಂಕ ಕೊಡಲಿ, ಮಟ್ಟುಗಳನ್ನು ಧ್ವನಿಮುದ್ರಿಸಿ ಇಡಲಿ, ಮೇಷ್ಟ್ರಿಗೆ ಗೌರವಧನ ಸಲ್ಲಲಿ. ಎರಡು: ವಿಭಾಗದ ವರ್ಷದ ನಾಟಕ ಮೈಸೂರಿನಲ್ಲಿ ಮುಗಿಯದೆ ಮದ್ದೂರು, ಭಾರತೀನಗರ, ಮಳವಳ್ಳಿಯಲ್ಲಿ ಒಂದೊಂದು ಆಟ ಆಡಲಿ. ಕಾಲೇಜಿನ ಅಂಗಳವಿದೆ, ವರ್ತಕರು ಮನಸ್ಸು ಮಾಡಿದರೆ ಊಟ, ವಸತಿ ದೊಡ್ಡದಲ್ಲ. ಕೊನೆಯ ಬಸ್ಸಿಗೆ ಮುಂಚೆ ಆಟ ಮುಗಿದರೆ ನೋಡುವವರೂ ಬಂದಾರು. ಮೂರು: ಹಳ್ಳಿಯ ನಾಟಕ ಸಂಘಗಳು ತಾಲೀಮಿನ ಕಾಲದಲ್ಲಿ ಓದಿದ ಹುಡುಗ ಹುಡುಗಿಯರನ್ನು ಒಂದು ವಾರ ಕರೆಸಿಕೊಳ್ಳಲಿ. ಸೀನರಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಸಾಕು. ದುರ್ಯೋಧನನ ಕೈ ಎಲ್ಲಿರಬೇಕು, ದ್ರೌಪದಿಯ ಮೇಲೆ ಬೆಳಕು ಎಲ್ಲಿಂದ ಬೀಳಬೇಕು ಎಂಬುದು ಅವರಿಗೆ ಗೊತ್ತು.

ಕೇಳಬೇಕಾದವರು ಎರಡೂ ಕಡೆ ಇದ್ದಾರೆ. ಹಳ್ಳಿಯ ನಾಟಕ ಸಂಘದವರು ಒಂದು ಅರ್ಜಿ ಬರೆದು ಮೈಸೂರಿಗೆ ಕಳಿಸಿದರೆ ಖರ್ಚು ಅಂಚೆಯದು ಮಾತ್ರ. ಅಲ್ಲಿನ ವಿಭಾಗದವರು ಉತ್ತರ ಬರೆದರೆ ಮುಂದಿನ ಸುಗ್ಗಿಯಲ್ಲೇ ಚಪ್ಪರ ಸಿದ್ಧವಾಗುತ್ತದೆ. ಬರೆಯದಿದ್ದರೆ, ಮುಂದೊಂದು ದಿನ ವಿಭಾಗ ಉಳಿಸಿ ಎಂದು ಕೂಗುವಾಗ ಈ ಕಡೆಯಿಂದ ಬಸ್ಸು ಹತ್ತಿ ಯಾರೂ ಬರಲಿಲ್ಲ ಎಂದು ಕೊರಗುವಂತಿಲ್ಲ.